ಚಿಲ್ಲರೆ ಚಕ್ರವರ್ತಿ

ಹಾನಗಲ್ ಹತ್ತಿರದ ಅಕ್ಕಿಆಲೂರಿನಾಗ ರೋಮನ್ನರ ಬಂಗಾರದ ನಾಣ್ಯ ಸಿಕ್ಕಿವೆ. ನವನಗರದಾಗ ಬಸ್ ಹತ್ತಿ ಚಿಲ್ಲರೆಗೆ ಒದ್ದಾಡುವ ನಮಗೆ ಮಾತ್ರ ಅವರ ಕಂಚಿನ ಕಥೆನೇ ಹತ್ತಿರ, ಅಂದ್ರೆ ಅನಸ್ತಾಸಿಯಸ್‌ನ ಕಥೆ.

ಈಗಿನ ಅಲ್ಬೇನಿಯಾದಲ್ಲಿ ಹುಟ್ಟಿದವನು. ಒಂದು ಕಣ್ಣು ಕಪ್ಪು, ಇನ್ನೊಂದು ನೀಲಿ. ಕಾನ್‌ಸ್ಟಾಂಟಿನೋಪಲ್ ಅರಮನೆಯಲ್ಲಿ ಗದ್ದಲ ಆಗದಂತೆ ನೋಡಿಕೊಳ್ಳುವ ಅಧಿಕಾರಿ. 491ರಲ್ಲಿ ಚಕ್ರವರ್ತಿ ಝೆನೋ ತೀರಿಕೊಂಡಾಗ ವಿಧವೆ ರಾಣಿ ಅರಿಯಾಡ್ನೆ ಇವನನ್ನೇ ಆರಿಸಿ ಮದುವೆಯಾದಳು. ಅರವತ್ತರ ಮುದುಕ ಗದ್ದುಗೆ ಏರಿದ!

ಆಗ ಬಡವರ ಕೈಯಾಗಿದ್ದದ್ದು ನುಮ್ಮಸ್ ಅನ್ನೋ ಕಂಚಿನ ಚೂರು, ಉಗುರಿನಷ್ಟು. ಸಂತೆಗೆ ಚೀಲ ತುಂಬಿ ಒಯ್ಯಬೇಕು, ಎಣಿಸ್ತಾ ಕೂರಬೇಕು. 498ರಲ್ಲಿ ಇವನು 40 ನುಮ್ಮಸ್ ಬೆಲೆಯ ದೊಡ್ಡ ನಾಣ್ಯ ಹೊರಡಿಸಿದ, ಮೇಲೆ ಗ್ರೀಕರ 40ರ ಗುರುತು ‘ಎಂ’ ಅಚ್ಚು. 20, 10ರವೂ ಬಂದವು. ಅದೇ ವರ್ಷ ಸಣ್ಣ ವ್ಯಾಪಾರಿ, ಕುಶಲಕರ್ಮಿಗಳ ಮೇಲಿನ ತೆರಿಗೆಯೂ ರದ್ದು. ಹಂಗಂತ ಧಾರಾಳಿ ಅನ್ನಬ್ಯಾಡ್ರಿ, ಲೆಕ್ಕದಾಗ ಬಾಳ ಬಿಗಿ. 518ರಲ್ಲಿ ಸತ್ತಾಗ ಖಜಾನೆಯಲ್ಲಿ 3,20,000 ಪೌಂಡ್ ಬಂಗಾರ ಉಳಿದಿತ್ತು ಅಂತ ಇತಿಹಾಸಕಾರ ಪ್ರೊಕೋಪಿಯಸ್ ಬರೆದಿಟ್ಟಿದ್ದಾನೆ.