ಮಾರಿಯಾ ಮಾಂಟೆಸ್ಸರಿ: ಕೈಬಿಟ್ಟ ಮಕ್ಕಳಿಗೆ ಅಕ್ಷರ ಕಲಿಸಿದ ವೈದ್ಯೆ

ಮಾಂಟೆಸ್ಸರಿ ಎಂದ ಕೂಡಲೇ ನಮಗೆ ನೆನಪಾಗುವುದು ಪುಟಾಣಿ ಮಕ್ಕಳ ಶಾಲೆಯ ಬೋರ್ಡು. ಅದು ಇಟಲಿಯ ವೈದ್ಯೆಯೊಬ್ಬರ ಹೆಸರು. ಅವರ ಬೋಧನಾ ಪದ್ಧತಿ ಮೊದಲು ರೂಪುಗೊಂಡಿದ್ದು ಯಾವ ಶಾಲೆಯೂ ಸೇರಿಸಿಕೊಳ್ಳದ ಬುದ್ಧಿಮಾಂದ್ಯ ಮಕ್ಕಳ ನಡುವೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ.

ಮಾರಿಯಾ ಹುಟ್ಟಿದ್ದು 1870ರ ಆಗಸ್ಟ್ 31ರಂದು, ಕಿಯಾರವಲ್ಲೆ ಎಂಬ ಊರಿನಲ್ಲಿ. ತಂದೆ ಸರ್ಕಾರಿ ನೌಕರರು. ಗಣಿತದಲ್ಲಿ ಆಸಕ್ತಿಯಿದ್ದ ಮಾರಿಯಾ ಇಂಜಿನಿಯರ್ ಆಗುವ ಆಸೆಯಿಂದ ತಾಂತ್ರಿಕ ಶಾಲೆ ಸೇರಿದರು. ಅಲ್ಲಿ ಓದುತ್ತಿದ್ದವರೆಲ್ಲ ಹೆಚ್ಚಾಗಿ ಹುಡುಗರೇ. ಮುಂದೆ ಮನಸ್ಸು ವೈದ್ಯಕೀಯದ ಕಡೆ ತಿರುಗಿತು. ಗಂಡಸರ ಜೊತೆ ನಿಂತು ಶವಚ್ಛೇದನ ಮಾಡುವುದು ಹೆಣ್ಣಿಗೆ ಸಲ್ಲದು ಎನ್ನುತ್ತಿದ್ದ ಕಾಲವದು. ತರಗತಿ ಮುಗಿದು ಎಲ್ಲರೂ ಹೋದ ಮೇಲೆ ಅವರು ಒಬ್ಬರೇ ಆ ಕೆಲಸ ಕಲಿಯಬೇಕಾಯಿತು. 1896ರಲ್ಲಿ ರೋಮ್ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದರು.

ವಿಶ್ವವಿದ್ಯಾಲಯದ ಮನೋರೋಗ ಚಿಕಿತ್ಸಾಲಯದಲ್ಲಿ ಕೆಲಸ ಮಾಡುವಾಗ ಅವರು ರೋಮಿನ ಹುಚ್ಚಾಸ್ಪತ್ರೆಗಳಿಗೆ ಹೋಗಬೇಕಾಗುತ್ತಿತ್ತು. ಬುದ್ಧಿಮಾಂದ್ಯ ಮಕ್ಕಳನ್ನೂ ಆಗ ಅಲ್ಲಿಯೇ ಇಡುತ್ತಿದ್ದರು. ಊಟ ಕೊಟ್ಟರೆ ಮುಗಿಯಿತು, ಪಾಠದ ಮಾತೇ ಇರಲಿಲ್ಲ. ಈ ಮಕ್ಕಳಿಗೆ ಔಷಧಿಗಿಂತ ಶಿಕ್ಷಣವೇ ಮುಖ್ಯ ಎಂದು ಮಾರಿಯಾಗೆ ಅನ್ನಿಸಿತು. ಫ್ರಾನ್ಸಿನ ಇಟಾರ್ಡ್ ಮತ್ತು ಸೆಗ್ವಿನ್ ಎಂಬ ವೈದ್ಯರು ಇಂಥ ಮಕ್ಕಳಿಗೆ ಕಲಿಸಿ ಬರೆದಿಟ್ಟಿದ್ದ ಪುಸ್ತಕಗಳನ್ನು ಹುಡುಕಿ ಓದಿದರು. ಅರ್ಥವಾಗುವವರೆಗೆ ಬಿಡಬಾರದೆಂದು ಅವನ್ನು ಇಟಾಲಿಯನ್ ಭಾಷೆಗೆ ಕೈಯಿಂದಲೇ ಬರೆದುಕೊಂಡರು. 1898ರಲ್ಲಿ ಟ್ಯೂರಿನ್ ನಗರದ ಶಿಕ್ಷಕರ ಸಮ್ಮೇಳನದಲ್ಲಿ ಈ ಮಕ್ಕಳ ಪರವಾಗಿ ಮಾತನಾಡಿದರು.

1900ರಲ್ಲಿ ರೋಮಿನಲ್ಲಿ ಇಂಥ ಮಕ್ಕಳಿಗೆ ಕಲಿಸುವ ಶಿಕ್ಷಕರ ತರಬೇತಿ ಶಾಲೆ ಆರಂಭವಾಯಿತು. ಅದರ ನಿರ್ದೇಶಕರಲ್ಲಿ ಒಬ್ಬರಾದ ಮಾರಿಯಾ ಬೆಳಿಗ್ಗೆ ಎಂಟರಿಂದ ಸಂಜೆ ಏಳರವರೆಗೆ ತಾವೇ ಮಕ್ಕಳ ಜೊತೆ ಇರುತ್ತಿದ್ದರು. ಹನ್ನೊಂದು ವರ್ಷದ ಒಬ್ಬ ಹುಡುಗಿಗೆ ಎಷ್ಟು ಹೇಳಿಕೊಟ್ಟರೂ ಹೊಲಿಗೆ ಬರಲಿಲ್ಲ. ಮಾರಿಯಾ ಸೂಜಿಯನ್ನು ಬದಿಗಿಟ್ಟು, ಕಾಗದದ ಪಟ್ಟಿಗಳನ್ನು ಮೇಲೆ ಕೆಳಗೆ ತೂರಿಸಿ ಚಾಪೆಯಂತೆ ಹೆಣೆಯಲು ಕೊಟ್ಟರು. ಅದು ಕೈಗೆ ಹತ್ತಿದ ಮೇಲೆ ಮತ್ತೆ ಸೂಜಿ ಕೊಟ್ಟಾಗ ಹುಡುಗಿ ಹೊಲಿದಳು. ಕೆಲಸ ಕೊಡುವ ಮುಂಚೆ ಆ ಕೆಲಸಕ್ಕೆ ಬೇಕಾದ ಕೈಚಲನೆಯನ್ನು ಬೇರೆಯಾಗಿ ರೂಢಿ ಮಾಡಿಸಬೇಕು ಎಂಬುದು ಇದರಿಂದ ಅವರಿಗೆ ಹೊಳೆಯಿತು.

ಅದನ್ನೇ ಅಕ್ಷರಕ್ಕೂ ಅನ್ವಯಿಸಿದರು. ಮರದಲ್ಲಿ ದೊಡ್ಡ ಅಕ್ಷರಗಳನ್ನು ಮಾಡಿಸಿ, ಸ್ವರಗಳಿಗೆ ಕೆಂಪು, ವ್ಯಂಜನಗಳಿಗೆ ನೀಲಿ ಬಣ್ಣ ಬಳಿಸಿದರು. ಮಗು ಅಕ್ಷರದ ಮೇಲೆ ಮೊದಲು ತೋರುಬೆರಳು, ಆಮೇಲೆ ಎರಡು ಬೆರಳು, ಕೊನೆಗೆ ಪೆನ್ನಿನಂತೆ ಹಿಡಿದ ಸಣ್ಣ ಕಡ್ಡಿ ಆಡಿಸುತ್ತಿತ್ತು. ಜೊತೆಗೇ ಅದರ ಉಚ್ಚಾರಣೆ. ಹೀಗೆ ಕಣ್ಣು, ಕೈ, ಕಿವಿ ಮೂರೂ ಸೇರಿ ಅಕ್ಷರ ಕಲಿತವು.

ಅವರಲ್ಲಿ ಹಲವು ಮಕ್ಕಳು ಓದು ಬರಹ ಕಲಿತು, ಸಾರ್ವಜನಿಕ ಶಾಲೆಯಲ್ಲಿ ಉಳಿದ ಮಕ್ಕಳ ಜೊತೆ ಕುಳಿತು ಪರೀಕ್ಷೆ ಬರೆದು ಪಾಸಾದರು. ಪರೀಕ್ಷೆ ಎಲ್ಲರಿಗೂ ಒಂದೇ, ಬೇರೆಯಾಗಿದ್ದದ್ದು ಅಲ್ಲಿಗೆ ತಲುಪಿಸಿದ ದಾರಿ. ಜನ ಇದನ್ನು ಪವಾಡವೆಂದರು. ಮಾರಿಯಾಗೆ ಕಾಡಿದ್ದು ಬೇರೆ ಪ್ರಶ್ನೆ. ಈ ಮಕ್ಕಳು ಇಷ್ಟು ಕಲಿಯಬಲ್ಲರಾದರೆ, ಆರೋಗ್ಯವಂತ ಮಕ್ಕಳು ಇವರ ಮಟ್ಟದಲ್ಲೇ ಉಳಿಯುವಂತೆ ಮಾಡಿರುವುದು ಯಾವುದು?

ಆ ಪ್ರಶ್ನೆಯ ಬೆನ್ನು ಹತ್ತಿ 1907ರ ಜನವರಿ 6ರಂದು ರೋಮಿನ ಬಡವರ ಬಡಾವಣೆ ಸಾನ್ ಲೊರೆಂಜೊದಲ್ಲಿ ಮಕ್ಕಳ ಮನೆಯನ್ನು ತೆರೆದರು. ಅಲ್ಲಿಂದ ಅವರ ಪದ್ಧತಿ ಲೋಕಕ್ಕೆಲ್ಲ ಹರಡಿತು. ಮುಸೊಲಿನಿಯ ಸರ್ಕಾರದೊಡನೆ ಹೊಂದಾಣಿಕೆಯಾಗದೆ 1934ರಲ್ಲಿ ಇಟಲಿ ಬಿಟ್ಟರು. 1939ರಲ್ಲಿ ಥಿಯಾಸಾಫಿಕಲ್ ಸೊಸೈಟಿಯ ಕರೆಯ ಮೇಲೆ ಮದರಾಸಿನ ಅಡ್ಯಾರಿಗೆ ಬಂದರು. ಮರುವರ್ಷ ಇಟಲಿ ಯುದ್ಧಕ್ಕಿಳಿಯಿತು. ಬ್ರಿಟಿಷ್ ಸರ್ಕಾರ ಮಗ ಮಾರಿಯೊನನ್ನು ಬಂಧನದಲ್ಲಿಟ್ಟು, ತಾಯಿಯ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಬಿಡುಗಡೆ ಮಾಡಿತು. ಯುದ್ಧ ಮುಗಿಯುವವರೆಗೂ ಇಲ್ಲೇ ಇದ್ದು ಅವರು ಭಾರತದ ಬಹಳಷ್ಟು ಶಿಕ್ಷಕರಿಗೆ ತರಬೇತಿ ಕೊಟ್ಟರು. 1952ರ ಮೇ 6ರಂದು ಹಾಲೆಂಡಿನಲ್ಲಿ ನಿಧನರಾದರು.

ನಮ್ಮ ದೇಶದ 2016ರ ಕಾಯ್ದೆಯ ಪ್ರಕಾರ, ನಿಗದಿತ ಪ್ರಮಾಣದ ಅಂಗವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಿ ಅಥವಾ ತನ್ನ ಆಯ್ಕೆಯ ವಿಶೇಷ ಶಾಲೆಯಲ್ಲಿ ಉಚಿತವಾಗಿ ಓದುವ ಹಕ್ಕಿದೆ. ಬುದ್ಧಿಮಾಂದ್ಯ ಮಗುವೂ ಇದರಲ್ಲಿ ಸೇರಿದೆ. ಹಾಜರಿ ಪುಸ್ತಕದಲ್ಲಿ ಹೆಸರು ಬರೆದು, ಮೂಲೆಯಲ್ಲಿ ಕೂರಿಸಿ, ಬಣ್ಣ ಹಚ್ಚಲು ಕೊಟ್ಟರೆ ಆ ಹಕ್ಕು ಸಂದಂತಲ್ಲ. ತರಗತಿಯಲ್ಲಿ ಮಳೆ ಹೇಗೆ ಬರುತ್ತದೆ ಎಂಬ ಪಾಠ ನಡೆದಿದ್ದರೆ, ಕುದಿಯುವ ನೀರಿನ ಮೇಲೆ ತಟ್ಟೆ ಹಿಡಿದು ಹನಿಗಳನ್ನು ಮುಟ್ಟಿಸಿ ಆ ಮಗುವಿಗೂ ಅದೇ ಪಾಠ ತಲುಪಿಸಬಹುದು. ಎಲ್ಲರೂ ಒಂದೇ ಎತ್ತರಕ್ಕೆ ಏರಲಾರರು. ಎಷ್ಟು ಏರಬಲ್ಲರು ಎಂಬುದನ್ನು ಕಲಿಸುವ ಮೊದಲೇ ತೀರ್ಮಾನಿಸಬಾರದು. ಐವತ್ತು ತುಂಬಿದ ನಮ್ಮ ಶಾಲೆಯ ಮುಂದಿನ ವರ್ಷಗಳಿಗೆ ಮಾರಿಯಾ ಅವರ ಬದುಕು ಹೇಳುವ ಪಾಠ ಇದು.