ಪಾಠ ಹೇಳುತ್ತಲೇ ಓದಿದ ಹುಡುಗ

ನಮ್ಮ ತೊಣ್ಣೂರಿಗೆ ಕನ್ನಂಬಾಡಿ ದೂರವಲ್ಲ. ಆ ಕಟ್ಟೆಯ ಹೆಸರೆತ್ತಿದರೆ ನಿಮಗೆ ವಿಶ್ವೇಶ್ವರಯ್ಯನವರ ನೆನಪಾಗುತ್ತದೆ. ಎಂಜಿನಿಯರ್ ಆಗುವ ಮುಂಚೆ ಅವರು ಮನೆಪಾಠದ ಮೇಷ್ಟ್ರಾಗಿದ್ದರೆಂಬುದು ಗೊತ್ತೇ?

1861ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಸೇರಿದಾಗ ಕೈಯಲ್ಲಿ ಕಾಸಿರಲಿಲ್ಲ. ಕೊಡಗಿನವರೊಬ್ಬರ ಮಕ್ಕಳಿಗೆ ಪಾಠ ಹೇಳಿಕೊಟ್ಟು ರಾತ್ರಿ ಅಲ್ಲೇ ಮಲಗುತ್ತಿದ್ದರು. ಊಟಕ್ಕೆ ಸೋದರಮಾವನ ಮನೆಗೆ ನಡೆದು ಹೋಗುತ್ತಿದ್ದರು. ಆ ಪಾಠದ ಮನೆ ಸಿಗದಿದ್ದರೆ ಓದು ಅಲ್ಲಿಗೇ ನಿಲ್ಲುತ್ತಿತ್ತೋ ಏನೋ! 1881ರಲ್ಲಿ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಓದಿದರು. ಅವರು ದಿವಾನರಾಗಿದ್ದಾಗಲೇ 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಬಂದವು.

ಅವರು ಪಾಠ ಹೇಳಿದ್ದು ಹೊಟ್ಟೆಪಾಡಿಗೆ, ಸೇವೆಗೆಂದಲ್ಲ, ಅದನ್ನು ಮುಚ್ಚಿಡಬೇಕಾಗಿಲ್ಲ. ನಿಮ್ಮಲ್ಲಿ ಹಲವರಿಗೆ ಆ ಕಷ್ಟವಿಲ್ಲ. ಹತ್ತನೇ ತರಗತಿಯವರು ಸಂಜೆ ಒಂದು ಗಂಟೆ ನಾಲ್ಕನೇ ತರಗತಿಯ ಮಗುವಿನ ಪಕ್ಕ ಕೂರಬಹುದಲ್ಲವೇ? ಮೇಷ್ಟ್ರ ಮುಂದೆ ಬಾಯಿ ಬಿಡದ ಮಗು ಅಣ್ಣನ ಮುಂದೆ, ಅಕ್ಕನ ಮುಂದೆ ತಪ್ಪುತಪ್ಪಾಗಿಯಾದರೂ ಮಗ್ಗಿ ಒಪ್ಪಿಸುವುದನ್ನು ನಾನೇ ಕಂಡಿದ್ದೇನೆ. ತರಗತಿಯ ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ, ಬನ್ನಿ.