ಸೊಳ್ಳೆಯ ಲೆಕ್ಕ ಹಾಕಿದ ರಾಸ್

ಹೈದರಾಬಾದಿನ ಬೇಗಂಪೇಟೆಯಲ್ಲಿ, ಹಳೆಯ ವಿಮಾನ ನಿಲ್ದಾಣದ ಹತ್ತಿರ, ಸರ್ ರೊನಾಲ್ಡ್ ರಾಸ್ ಹೆಸರಿನ ಕಟ್ಟಡವಿದೆ. ಮಲೇರಿಯಾದ ಗುಟ್ಟು ರಟ್ಟಾದದ್ದು ಅಲ್ಲಿ. ಆದರೆ ರಾಸ್‌ಗೆ ಸೊಳ್ಳೆಯ ಮೊದಲ ಪಾಠವಾದದ್ದು ನಮ್ಮ ಬೆಂಗಳೂರಿನಲ್ಲಿ.

1857ರಲ್ಲಿ ಅಲ್ಮೋರಾದಲ್ಲಿ ಹುಟ್ಟಿದ ರಾಸ್, 1883ರಲ್ಲಿ ಸೇನಾ ವೈದ್ಯರಾಗಿ ಬೆಂಗಳೂರಿಗೆ ಬಂದರು. ಬಂಗಲೆಯಲ್ಲಿ ವಿಪರೀತ ಸೊಳ್ಳೆ. ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಹುಳುಗಳನ್ನು ಕಂಡು ನೀರು ಚೆಲ್ಲಿಸಿದರು, ಕಾಟ ತಗ್ಗಿತು.

ಮುಂದೆ ಸಿಕಂದರಾಬಾದಿನಲ್ಲಿ ಹುಸೇನ್ ಖಾನ್ ಎಂಬ ರೋಗಿ, ಕಚ್ಚಿದ ಸೊಳ್ಳೆಗೆ ಒಂದಾಣೆಯಂತೆ ಪಡೆದು ಮೈಯೊಡ್ಡಿದ. ಅಂಥ ಒಂದು ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ರೋಗಾಣು ಬೆಳೆಯುತ್ತಿರುವುದನ್ನು ರಾಸ್ ಕಂಡದ್ದು 1897ರ ಆಗಸ್ಟ್ 20ರಂದು. ಮರುವರ್ಷ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾ ಸೊಳ್ಳೆ ಕಡಿತದಿಂದಲೇ ಹರಡುತ್ತದೆಂದು ತೋರಿಸಿದರು. 1902ರಲ್ಲಿ ನೊಬೆಲ್ ಬಂತು.

ಶಾಲೆಯ ಪಾಠ ಇಲ್ಲಿಗೆ ಮುಗಿಯುತ್ತದೆ. ನನಗೆ ಹಿಡಿಸಿದ್ದು ಆಮೇಲಿನ ಕತೆ. ಸೂಯೆಜ್ ಕಾಲುವೆ ದಡದ ಇಸ್ಮಾಯಿಲಿಯಾದಲ್ಲಿ ಅವರ ಸಲಹೆಯಂತೆ ನಿಂತ ನೀರು ಬಸಿದು ಗುಂಡಿ ಮುಚ್ಚಿದಾಗ, ಕೆಲವೇ ವರ್ಷಗಳಲ್ಲಿ ಜ್ವರ ಹೆಚ್ಚುಕಡಿಮೆ ಇಲ್ಲವಾಯಿತು. ಲಾಹೋರಿನ ಬಳಿಯ ಮಿಯಾನ್ ಮೀರ್ ದಂಡುಪ್ರದೇಶದಲ್ಲಿ, ನೀರಾವರಿ ಕಾಲುವೆಗಳ ನಡುವೆ, ಇಂಥದೇ ಪ್ರಯತ್ನ ಸೋತಿತು. ಇದು ಆಗದ ಕೆಲಸ ಎಂದರು ಅಲ್ಲಿ ಪ್ರಯೋಗ ನಡೆಸಿದವರು. ಕೆಲಸವೇ ಅರೆಬರೆ ಎಂದು ರಾಸ್ ಜಗಳಕ್ಕೆ ನಿಂತರು.

ಗಣಿತದ ಹುಚ್ಚಿದ್ದ ಅವರು 1908ರ ಮಾರಿಷಸ್ ವರದಿಯಲ್ಲೂ 1911ರ ಪುಸ್ತಕದಲ್ಲೂ ಇದಕ್ಕೊಂದು ಲೆಕ್ಕ ಕೊಟ್ಟರು. ಕಟ್ಟಕಡೆಯ ಸೊಳ್ಳೆಯನ್ನೂ ಕೊಲ್ಲಬೇಕಿಲ್ಲ. ಸಂಖ್ಯೆ ಒಂದು ಮಿತಿಗಿಂತ ಕೆಳಗಿಳಿದರೆ ಸಾಕು, ಮಲೇರಿಯಾ ತಾನಾಗಿ ಆರುತ್ತದೆ. ದಿನವಿಡೀ ಕೋಡ್ ಬರೆಯುವ ನನಗೆ ಈ ಮಿತಿಯ ಮಾತು ಬೇಗ ನಾಟಿತು.

ಬೆಳೆಯ ಕೀಟಕ್ಕೂ ಕೃಷಿ ವಿಜ್ಞಾನಿಗಳು ಇಂದು ಹೇಳುವುದು ಇಂಥದೇ ಲೆಕ್ಕ: ಕೀಟ ನಷ್ಟದ ಮಟ್ಟ ಮುಟ್ಟುವವರೆಗೆ ಔಷಧಿ ಹೊಡೆಯಬೇಡಿ. ಸುಮ್ಮನೆ ಹೊಡೆದರೆ ಜೇಡ, ಏರೋಪ್ಲೇನ್ ಚಿಟ್ಟೆಯಂಥ ಮಿತ್ರಜೀವಿಗಳು ಸಾಯುತ್ತವೆ, ಉಳಿದ ಸೊಳ್ಳೆ ಔಷಧಿಗೆ ಒಗ್ಗಿಕೊಳ್ಳುತ್ತದೆ. ಭತ್ತದ ಗದ್ದೆಯಲ್ಲಿ ಸದಾ ನೀರು ನಿಲ್ಲಿಸುವ ಬದಲು ನಡುನಡುವೆ ಒಣಗಲು ಬಿಟ್ಟರೆ ಮರಿಹುಳು ರೆಕ್ಕೆ ಬರುವ ಮೊದಲೇ ಸಾಯುತ್ತದೆ, ನೀರೂ ಉಳಿಯುತ್ತದೆ. ಬಾವಿ, ಹೊಂಡಗಳಿಗೆ ಗಪ್ಪಿ ಮೀನು ಸಾಕು.

ಆದರೆ ಒಬ್ಬ ರೈತ ಗದ್ದೆ ಒಣಗಿಸಿ, ಪಕ್ಕದವನ ಗದ್ದೆಯಲ್ಲಿ ನೀರು ನಿಂತರೆ ಸೊಳ್ಳೆಗೆ ಬದು ಅಡ್ಡಿಯಲ್ಲ. ತುಂಗಭದ್ರಾ ಎಡದಂಡೆಯಂಥ ಕಡೆ ಒಂದು ವಿತರಣಾ ಕಾಲುವೆಯ ರೈತರೆಲ್ಲ, ನೀರು ಬಿಡುವ ಇಲಾಖೆಯೂ ಸೇರಿ, ಒಂದೇ ಸಲ ಮಾಡಬೇಕು. ರಾಸ್ 1932ರಲ್ಲಿ ತೀರಿಕೊಂಡರು. ಅವರ ಲೆಕ್ಕ ತಪ್ಪಾಗಿಲ್ಲ. ಅದಕ್ಕೆ ಬೇಕಾದ ಒಗ್ಗಟ್ಟು ಇನ್ನೂ ಕೂಡಿಬರಬೇಕಿದೆ.